ಗುಡ್ಡದ ಗಾಳಿಗೆ ಗ್ಲೈಡರ್ ಬಿಡುವುದು: ಕೊಪ್ಪಳ ಸೀಮೆಯ ಹೊಸಬರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆಯ ಗುಡ್ಡಗಳಲ್ಲಿ ರಜೆಯ ದಿನ ರಿಮೋಟ್ ಗ್ಲೈಡರ್, ಅಂದರೆ ಮೋಟಾರಿಲ್ಲದ ಪುಟ್ಟ ವಿಮಾನ, ಹಾರಿಸುತ್ತೇನೆ, ಬಂದವರಿಗೆ ಕಲಿಸುತ್ತೇನೆ. ಬಂದವರು ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳನ್ನು. ಬೀಸುವ ಗಾಳಿಯಲ್ಲಿ ನಿಂತು ಒಬ್ಬೊಬ್ಬರಿಗೂ ಕೂಗಿ ಹೇಳಿ ಗಂಟಲು ಕಟ್ಟಿಸಿಕೊಳ್ಳುವ ಬದಲು ಬರೆದಿಟ್ಟಿದ್ದೇನೆ. ಗುಡ್ಡ ಹತ್ತುವ ಮುಂಚೆ ಒಮ್ಮೆ ಓದಿಕೊಂಡು ಬನ್ನಿ.

ಮೋಟಾರೇ ಇಲ್ಲ ಅಂತೀರಿ. ಮತ್ತ ಮ್ಯಾಲೆ ಹೆಂಗ ನಿಲ್ತದ್ರಿ ಅದು?

ನಿಲ್ಲುವುದಿಲ್ಲ, ಸದಾ ಇಳಿಯುತ್ತಲೇ ಇರುತ್ತದೆ. ದಿಬ್ಬದಿಂದ ಪೆಡಲ್ ತುಳಿಯದೆ ಬಿಟ್ಟ ಸೈಕಲ್ ಇದ್ದ ಹಾಗೆ. ಆದರೆ ಅದರ ಸುತ್ತಲಿನ ಗಾಳಿಯೇ ಅದಕ್ಕಿಂತ ಜೋರಾಗಿ ಮೇಲೇರುತ್ತಿದ್ದರೆ ಗ್ಲೈಡರ್ ಕೂಡ ಮೇಲೇರುತ್ತದೆ. ಬಯಲಲ್ಲಿ ಬೀಸಿಕೊಂಡು ಬಂದ ಗಾಳಿಗೆ ಗುಡ್ಡ ಅಡ್ಡ ಸಿಕ್ಕರೆ ಅದು ಗುಡ್ಡದ ಮೈಗುಂಟ ಹತ್ತಲೇಬೇಕು. ಸೆಕೆಂಡಿಗೆ 6 ಮೀಟರ್, ಅಂದರೆ ಗಂಟೆಗೆ ಸುಮಾರು 22 ಕಿ.ಮೀ. ಗಾಳಿ 30 ಡಿಗ್ರಿ ಇಳಿಜಾರನ್ನು ಹತ್ತಿದರೆ ಲೆಕ್ಕದ ಪ್ರಕಾರ ಸೆಕೆಂಡಿಗೆ 3 ಮೀಟರ್ ಮೇಲೇಳುತ್ತದೆ. ನಮ್ಮ ಫೋಮ್ ಗ್ಲೈಡರ್ ಇಳಿಯುವುದು ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಮಿಕ್ಕಿದ್ದು ಲಾಭ.

ಕೊಪ್ಪಳ ಕೋಟೆ ಗುಡ್ಡದ ಮುಂದೆ ಹದ್ದು ರೆಕ್ಕೆ ಬಡಿಯದೆ ಒಂದೇ ಕಡೆ ತೂಗುಹಾಕಿದಂತೆ ಇರುತ್ತದಲ್ಲ, ಅದೂ ಇದೇ. 1911ರ ಅಕ್ಟೋಬರ್ 24ರಂದು ಆರ್ವಿಲ್ ರೈಟ್ ಮೋಟಾರಿಲ್ಲದ ಗ್ಲೈಡರಿನಲ್ಲಿ ತಾನೇ ಕುಳಿತು, ಮರಳುಗುಡ್ಡದ ಗಾಳಿಯ ಮೇಲೆ 9 ನಿಮಿಷ 45 ಸೆಕೆಂಡ್ ಇದ್ದ. ಈ ಗಾಳಿ ಸಿಗುವುದು ಗುಡ್ಡದ ಮುಂದೆ, ಅಂಚಿನಿಂದ ತುಸು ಆಚೆ, ತುಸು ಮೇಲೆ. ಗುಡ್ಡದ ಹಿಂದೆ ಏನಿದೆ ಎಂಬುದನ್ನು ಆಮೇಲೆ ಹೇಳುತ್ತೇನೆ.

ಕಲಿಯಾಕ ಎಷ್ಟು ದಿನ ಬೇಕ್ರಿ?

ಗಾಳಿ ಸರಿಯಿದ್ದರೆ ಮೊದಲ ಸಂಜೆಯೇ ಐದು ನಿಮಿಷ ಹಾರಿಸಿಬಿಡುತ್ತೀರಿ. ಯಾರ ಸಹಾಯವೂ ಇಲ್ಲದೆ ಎಸೆದು, ಹಾರಿಸಿ, ಮುರಿಯದೆ ಇಳಿಸುವುದಕ್ಕೆ ಐದಾರು ಭಾನುವಾರ ಹಿಡಿಯುತ್ತದೆ. ಅದರಲ್ಲಿ ಎರಡು ಭಾನುವಾರ ಗಾಳಿ ಬರುವುದಿಲ್ಲ ಎಂದೂ ಸೇರಿಸಿಕೊಳ್ಳಿ.

ನಮ್ಮ ಕಡೆ ಗುಡ್ಡಕ್ಕೇನು ಬರ? ಯಾವುದಾದ್ರೂ ಆಗ್ತದಲ್ಲ?

ಆಗುವುದಿಲ್ಲ. ನಮ್ಮ ದೊಡ್ಡ ತೊಂದರೆಯೇ ಇದು. ಗಂಗಾವತಿಯಿಂದ ಕನಕಗಿರಿವರೆಗೆ ಕಾಣುವುದು ಹೆಚ್ಚಾಗಿ ಕಲ್ಲುಗುಂಡುಗಳ ರಾಶಿ. ನೋಡಲು ಚಂದ, ಹಾರಿಸಲು ಕಷ್ಟ. ಪ್ರತಿ ಗುಂಡಿನ ಹಿಂದೆ ಗಾಳಿ ಸುತ್ತು ಹಾಕುತ್ತದೆ. ಗ್ಲೈಡರ್ ಅದರೊಳಗೆ ಸಿಕ್ಕರೆ ಯಾರೋ ರೆಕ್ಕೆ ಹಿಡಿದು ಅಲ್ಲಾಡಿಸಿದಂತೆ ಕುಣಿಯುತ್ತದೆ. ಇಳಿಸಲು ಒಂದು ಚಾಪೆಯಷ್ಟು ಮೆತ್ತನೆ ಜಾಗವೂ ಇರುವುದಿಲ್ಲ.

ಹೊಸಬರಿಗೆ ಬೇಕಾದದ್ದು ಎತ್ತರದ ಗುಡ್ಡವಲ್ಲ, ನುಣುಪಾದ ಗುಡ್ಡ. 25 ಮೀಟರ್ ಎತ್ತರದ ಹುಲ್ಲುಗಾವಲಿನ ದಿಬ್ಬ, ಮುಂದೆ ಅರ್ಧ ಕಿಲೋಮೀಟರ್ ಬಯಲು, ಗಾಳಿ ಎದುರಿಗೆ ನೇರವಾಗಿ ಅಥವಾ ಆಚೀಚೆ 30 ಡಿಗ್ರಿಯೊಳಗೆ ಬರುವಂತಿರಬೇಕು. ಅದಕ್ಕಿಂತ ಓರೆಯಾದರೆ ಗಾಳಿ ಗುಡ್ಡ ಹತ್ತದೆ ಪಕ್ಕದಿಂದ ಜಾರಿಹೋಗುತ್ತದೆ. ನಾನು ಮೊದಲ ಪಾಠಕ್ಕೆ ಹೆಚ್ಚಾಗಿ ಒಯ್ಯುವುದು ಗುಡ್ಡಕ್ಕಲ್ಲ, ಉದ್ದನೆಯ ಕೆರೆ ಏರಿಗೆ. ಏಳೆಂಟು ಮೀಟರ್ ಎತ್ತರವಿದ್ದು, ಗಾಳಿ ಹೊಲದ ಕಡೆಯಿಂದ ಬರುತ್ತಿದ್ದರೆ, ಹಗುರ ಗ್ಲೈಡರಿಗೆ ಸಾಕು. ಬಿದ್ದರೂ ಹುಲ್ಲಿಗೆ ಬೀಳುತ್ತದೆ, ಹತ್ತು ಹೆಜ್ಜೆ ಇಳಿದು ತರಬಹುದು. ಗಾಳಿ ನೀರಿನ ಕಡೆಯಿಂದ ಬರುವ ಏರಿ ಮಾತ್ರ ಬೇಡ. ಯಾಕೆ ಅನ್ನುವುದು ಗ್ಲೈಡರಿನೊಳಗೆ ರಿಮೋಟಿನ ಸಿಗ್ನಲ್ ಹಿಡಿಯುವ ಒಂದು ರಿಸೀವರ್ ನೀರಿಗೆ ಬಿದ್ದ ಮೇಲೆ ನನಗೂ ತಿಳಿಯಿತು.

ಅಂಜನಾದ್ರಿ, ಆನೆಗೊಂದಿ, ಬಳ್ಳಾರಿ ಕೋಟೆ ಗುಡ್ಡ? ಫೋಟೋ ಭಾಳ ಚಂದ ಬರ್ತಾವು.

ಬೇಡ. ಅಂಜನಾದ್ರಿಯಲ್ಲಿ ಮೆಟ್ಟಿಲ ತುಂಬ ಜನ. ಬಳ್ಳಾರಿ ಕೋಟೆ ಗುಡ್ಡದ ಕೆಳಗೆ ಊರೇ ಇದೆ. ಆನೆಗೊಂದಿಯ ಸುತ್ತ ಸ್ಮಾರಕಗಳು, ಹಿರೇಬೆಣಕಲ್‌ನಲ್ಲಿ ಬೃಹತ್ ಶಿಲಾಯುಗದ ಗೋರಿಗಳು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಶಾಸನಗಳಿವೆ, ರಾಯಚೂರು ಜಿಲ್ಲೆಯ ಮಸ್ಕಿಯಲ್ಲೂ ಹಾಗೆಯೇ. ಎರಡು ಸಾವಿರ ವರ್ಷ ದಾಟಿ ಉಳಿದ ಬಂಡೆಯ ಮುಂದೆ ಅರ್ಧ ಕಿಲೋ ಫೋಮ್ ಬಿಡುವ ದರ್ದು ನಮಗಿಲ್ಲ. ಹೆಸರಿಲ್ಲದ ದಿಬ್ಬ ಹುಡುಕಿ, ಹೊಲದವರನ್ನು ಕೇಳಿ, ಹಾರಿಸಿ.

ಯಾವ ತಿಂಗಳು ಛಲೋ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ. ನಮ್ಮದು ಮಳೆ ನೆರಳಿನ ಸೀಮೆ. ಮೋಡ ತಲೆಯ ಮೇಲೆ ಓಡುತ್ತಿರುತ್ತದೆ, ಹನಿ ಬೀಳುವುದಿಲ್ಲ, ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿಯಂತ್ರಗಳನ್ನು ನೆಟ್ಟಿರುವುದು ಸುಮ್ಮನೆ ಅಲ್ಲ. ಆದರೆ ಆಷಾಢದ ನಡು ಮಧ್ಯಾಹ್ನದ ಗಾಳಿ ಹೊಸಬರಿಗಲ್ಲ. ಆಗ ಬೆಳಿಗ್ಗೆ ಎಂಟರಿಂದ ಹತ್ತು, ಇಲ್ಲವೇ ಸಂಜೆ ಐದರ ಮೇಲೆ ಬನ್ನಿ.

ನನ್ನ ಕೇಳಿದರೆ ಕಲಿಯಲು ಆಗಸ್ಟ್ ಕೊನೆ ಮತ್ತು ಸೆಪ್ಟೆಂಬರ್. ಗಾಳಿ ಹದಕ್ಕೆ ಬಂದಿರುತ್ತದೆ, ದಿಬ್ಬದಲ್ಲಿ ಹುಲ್ಲು ಮೊಣಕಾಲೆತ್ತರ ಬೆಳೆದಿರುತ್ತದೆ. ಆ ಹುಲ್ಲು ಉಳಿಸಿದಷ್ಟು ರೆಕ್ಕೆಗಳನ್ನು ಯಾವ ಅಂಟೂ ಉಳಿಸಿಲ್ಲ. ದೀಪಾವಳಿ ಹೊತ್ತಿಗೆ ಗಾಳಿ ತಿರುಗಿ ಮೂಡಣದಿಂದ ಬೀಸುತ್ತದೆ, ಆಗ ಗುಡ್ಡದ ಇನ್ನೊಂದು ಮಗ್ಗುಲು ಹಿಡಿಯಬೇಕು. ಮಾರ್ಚ್‌ನಿಂದ ಮೇವರೆಗೆ ಬಂಡೆ ಕಾದು ಗಾಳಿ ಉಂಡೆಯುಂಡೆಯಾಗಿ ಏಳುತ್ತದೆ. ಈ ಕ್ಷಣ ಇದ್ದದ್ದು ಮರುಕ್ಷಣ ಇರುವುದಿಲ್ಲ, ಜೊತೆಗೆ ಸುಂಟರಗಾಳಿ. ರಾಯಚೂರಿನ ಬಿಸಿಲಲ್ಲಿ ಮುಚ್ಚಿದ ಕಾರಿನೊಳಗೆ ಬಿಟ್ಟ ಗ್ಲೈಡರಿನ ಹಾಟ್ ಗ್ಲೂ ಮೆತ್ತಗಾಗಿ ರೆಕ್ಕೆ ತಿರುಚಿಕೊಳ್ಳುತ್ತದೆ. ಆ ಮೂರು ತಿಂಗಳು ಮನೆಯಲ್ಲಿ ಕೂತು ಹೊಸ ರೆಕ್ಕೆ ಕೊಯ್ಯಿರಿ.

ಗಾಳಿ ಎಷ್ಟದ ಅಂತ ಹೆಂಗ ಗೊತ್ತಾಗಬೇಕು?

ಗಂಟೆಗೆ 15ರಿಂದ 25 ಕಿ.ಮೀ. ಕಲಿಯುವವರ ಗಾಳಿ. ಅಳೆಯುವ ಮೀಟರ್ ಸಿಗುತ್ತದೆ, ಆದರೆ ಬೇವಿನ ಗಿಡ ಸಾಕು. ಎಲೆ, ಸಣ್ಣ ಟೊಂಗೆ ಬಿಡದೆ ಆಡುತ್ತಿದ್ದರೆ 12ರಿಂದ 19. ದಾರಿಯ ಧೂಳು, ಕಾಗದದ ಚೂರು ಎದ್ದು ಓಡಿದರೆ 20ರಿಂದ 28. ಸಣ್ಣ ಮರ ಇಡೀ ತೂಗಿದರೆ 29 ದಾಟಿದೆ, ಮಿರ್ಚಿ ತಿಂದು ಮನೆಗೆ ಹೋಗಿ. ಗಾಳಿಯ ವೇಗ ಎರಡರಷ್ಟಾದರೆ ಅದು ರೆಕ್ಕೆಗೆ ಕೊಡುವ ಹೊಡೆತ ನಾಲ್ಕರಷ್ಟು.

ದಿಕ್ಕಿಗೆ ಇನ್ನೂ ಸುಲಭದ ದಾರಿ ಇದೆ. ದೂರದ ಗಾಳಿಯಂತ್ರ ಯಾವ ಕಡೆ ಮುಖ ಮಾಡಿದೆಯೋ ಗಾಳಿ ಆ ಕಡೆಯಿಂದ ಬರುತ್ತಿದೆ. ಕೋಟಿಗಟ್ಟಲೆ ಬೆಲೆಯ ಯಂತ್ರ ನಮಗೆ ಪುಕ್ಕಟೆ ದಿಕ್ಸೂಚಿ. ಹತ್ತಿರ ಮಾತ್ರ ಹೋಗಬೇಡಿ, ಅದರ ಹಿಂದಿನ ಗಾಳಿ ಕಡೆದ ಮಜ್ಜಿಗೆಯಂತಿರುತ್ತದೆ.

ಯಾವ ಗ್ಲೈಡರ್ ತಗೋಬೇಕು? ಎಷ್ಟು ಖರ್ಚು?

ಇಪಿಪಿ ಫೋಮಿನ, ಬಾಲವಿಲ್ಲದ, ರೆಕ್ಕೆ ಮಾತ್ರ ಇರುವ ‘ಫ್ಲೈಯಿಂಗ್ ವಿಂಗ್’. ಅಗಲ ಒಂದು ಮೀಟರಿನಿಂದ ಒಂದೂಕಾಲು ಮೀಟರ್, ತೂಕ 400ರಿಂದ 600 ಗ್ರಾಂ. ಕಾರಿನ ಬಂಪರಿನೊಳಗೆ ಹಾಕುವುದೂ ಇದೇ ಜಾತಿಯ ಫೋಮ್. ಗುದ್ದಿದರೆ ಒತ್ತಿಕೊಂಡು ಮತ್ತೆ ಉಬ್ಬುತ್ತದೆ. ಒಳಗೆ ರೆಕ್ಕೆಯ ಹಿಂಬದಿಯ ಪಟ್ಟಿಗಳನ್ನು ಆಡಿಸುವ ಎರಡು 9 ಗ್ರಾಂ ಸರ್ವೋ, ಒಂದು ರಿಸೀವರ್, ನಾಲ್ಕು ಸೆಲ್ಲಿನ ಬ್ಯಾಟರಿ. ಅಷ್ಟೇ.

ಹಣ ಹೋಗುವುದು ರಿಮೋಟಿಗೆ. 2.4 ಗಿಗಾಹರ್ಟ್ಸ್‌ನ ಆರು ಚಾನೆಲ್ಲಿನದು, ಫ್ಲೈಸ್ಕೈ ಐ6 ತರಹದ್ದು, ರಿಸೀವರ್ ಸಮೇತ ಸುಮಾರು ನಾಲ್ಕೈದು ಸಾವಿರ ರೂಪಾಯಿ. ಕೊಳ್ಳುವ ಮುಂಚೆ ಎರಡು ನೋಡಿ: ಎರಡು ಸರ್ವೋಗಳನ್ನು ಬೆರೆಸಿ ನಡೆಸುವ ಎಲೆವಾನ್ ಮಿಕ್ಸಿಂಗ್ ಇರಬೇಕು, ಗುರುವಿನ ರಿಮೋಟಿಗೆ ಜೋಡಿಸುವ ಟ್ರೇನರ್ ಪೋರ್ಟ್ ಇರಬೇಕು. ಗುಡ್ಡದಲ್ಲಿ ಉಳಿದವರು ಮೋಡ್ 2 (ಏರಿಳಿತ, ಎಡ ಬಲ ಎರಡೂ ಬಲಗೈ ಸ್ಟಿಕ್ಕಿನಲ್ಲಿರುವ ಜೋಡಣೆ) ಬಳಸುತ್ತಿದ್ದರೆ ನೀವೂ ಅದನ್ನೇ ತಗೊಳ್ಳಿ, ಇಲ್ಲದಿದ್ದರೆ ಕಷ್ಟಕಾಲದಲ್ಲಿ ನಿಮ್ಮ ಕೈಯಿಂದ ರಿಮೋಟ್ ಇಸಿದುಕೊಳ್ಳುವವರೇ ಇರುವುದಿಲ್ಲ. ಸರ್ವೋ ಒಂದಕ್ಕೆ ನೂರೋ ನೂರೈವತ್ತೋ. ಫೋಮ್, ಟೇಪು, ಕಾರ್ಬನ್ ಕಡ್ಡಿ ಸೇರಿ ಇನ್ನೊಂದು ಸಾವಿರ.

ಥರ್ಮಾಕೋಲ್‌ದಾಗ ಮಾಡಿದ್ರ ಸೋವಿ ಅಲ್ಲ?

ಸೋವಿ, ಒಂದು ಹಾರಾಟಕ್ಕೆ. ಎರಡನೇ ಹಾರಾಟಕ್ಕೆ ಇನ್ನೊಂದು ಥರ್ಮಾಕೋಲ್ ಬೇಕು. ಅಂದಹಾಗೆ ಫೆವಿಕ್ವಿಕ್ ಥರ್ಮಾಕೋಲನ್ನು ತಿಂದು ತೂತು ಮಾಡುತ್ತದೆ, ಇಪಿಪಿಗೆ ಏನೂ ಮಾಡುವುದಿಲ್ಲ. ಕೈಯಲ್ಲಿರುವ ಫೋಮ್ ಯಾವುದು ಎಂದು ಅನುಮಾನ ಬಂದರೆ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡಿ.

ಬ್ಯಾಲೆನ್ಸ್ ಅಂದ್ರೇನು? ಅದು ಅಷ್ಟು ಮುಖ್ಯ ಏನು?

ಗಾಳಿಪಟಕ್ಕೆ ಸೂತ್ರ ಕಟ್ಟಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೂತ್ರ ಅರ್ಧ ಬೆರಳು ಮೇಲೆ ಕೆಳಗೆ ಆದರೆ ಪಟ ಒಂದೋ ಏಳುವುದಿಲ್ಲ, ಒಂದೋ ಗಿರಗಿಟ್ಟಲೆ ಹಾಕುತ್ತದೆ. ಪಟಕ್ಕಾದರೆ ಬಾಲಂಗೋಚಿ ಕಟ್ಟಿ ಸಂಭಾಳಿಸಬಹುದು, ಬಾಲವಿಲ್ಲದ ಗ್ಲೈಡರಿಗೆ ಆ ಉಪಾಯವೂ ಇಲ್ಲ. ಪ್ಲಾನಿನಲ್ಲಿ ಗುರುತು ಮಾಡಿದ ಜಾಗಕ್ಕೆ ಎರಡೂ ರೆಕ್ಕೆಯ ಕೆಳಗೆ ಬೆರಳಿಟ್ಟು ಎತ್ತಿದಾಗ ಸಮ ನಿಲ್ಲಬೇಕು, ಅಥವಾ ಮೂಗು ಕೂದಲೆಳೆಯಷ್ಟು ಬಾಗಬೇಕು. ಭಾರದ ನಡು ಐದು ಮಿಲಿಮೀಟರ್ ಹಿಂದೆ ಸರಿದರೂ ಗ್ಲೈಡರ್ ಹುಚ್ಚುಕುದುರೆ. ಮೂಗು ಭಾರವಾದರೆ ಮಂದವಾಗಿ ಹಾರುತ್ತದೆ. ಹಿಂಬದಿ ಭಾರವಾದರೆ ಹಾರುವುದೇ ಇಲ್ಲ. ಬ್ಯಾಟರಿಯನ್ನು ಮುಂದೆ ತಳ್ಳಿ, ಸಾಲದಿದ್ದರೆ ಮೂಗಿಗೆ ಸೀಸದ ಚೂರು ಅಂಟಿಸಿ.

ಮೊದಲನೇ ದಿನ ಏನು ಕಲಿಸ್ತೀರಿ?

ಮೊದಲ ಅರ್ಧ ಗಂಟೆ ಗ್ಲೈಡರ್ ಚೀಲದಿಂದ ಹೊರಗೇ ಬರುವುದಿಲ್ಲ. ಅಂಚಿನಲ್ಲಿ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಎರಡೂ ಕಿವಿಗೆ ಗಾಳಿಯ ಸದ್ದು ಸಮನಾಗಿ ಕೇಳುವ ತನಕ ಮುಖ ತಿರುಗಿಸು ಎನ್ನುತ್ತೇನೆ. ಸಮನಾದಾಗ ಮೂಗು ಎತ್ತ ಇದೆಯೋ ಅತ್ತಲೇ ಗಾಳಿ. ಆಮೇಲೆ ಒಣಹುಲ್ಲು ಹಿಸುಕಿ ಅಂಚಿನಿಂದಾಚೆ ತೂರಿಸುತ್ತೇನೆ. ರಾಶಿ ತೂರಿ ಗೊತ್ತಿದ್ದವರ ಕೈ ಇಲ್ಲಿ ತಾನಾಗಿಯೇ ಸರಿ ಹೋಗುತ್ತದೆ. ಹುಲ್ಲಿನ ಎಸಳು ಒಂದು ಗೇಣು ಇಳಿದು, ತಡವರಿಸಿ, ಸರ್ರನೆ ಮೇಲೆದ್ದು ತಲೆಯ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಕಾಣದ ಗಾಳಿಯನ್ನು ಅವರು ಮೊದಲ ಸಲ ನೋಡುವುದು ಆಗಲೇ. ಆ ಎಸಳು ಎದ್ದ ಜಾಗದಲ್ಲೇ ಗ್ಲೈಡರ್ ಇರಬೇಕು ಎಂದರೆ ಮತ್ತೇನೂ ಬಿಡಿಸಿ ಹೇಳಬೇಕಾಗುವುದಿಲ್ಲ.

ಆಮೇಲೆ ಎರಡೂ ಕೈ ರೆಕ್ಕೆಯಂತೆ ಚಾಚಿ ನೆಲದ ಮೇಲೆ ನಡೆಸುತ್ತೇನೆ. ಅಂಚಿಗೆ ಸಮಾನಾಂತರವಾಗಿ ಬಲಕ್ಕೆ ಹೋಗು, ಕೊನೆಯಲ್ಲಿ ಬಯಲ ಕಡೆ ಹೊರಳಿ ವಾಪಸ್ ಬಾ, ಎಡಕ್ಕೆ ಹೋಗು, ಮತ್ತೆ ಬಯಲ ಕಡೆಗೇ ಹೊರಳು. ಅಡ್ಡ ಮಲಗಿಸಿದ ಇಂಗ್ಲಿಷಿನ 8 ಆಗಬೇಕು. ಕನ್ನಡದ ೮ ಬರೆಯಲು ಹೋದರೆ ಗುಡ್ಡಕ್ಕೇ ಗುದ್ದುತ್ತೀರಿ. ಕುರಿ ಕಾಯುವವರು ನೋಡಿ ನಗುತ್ತಾರೆ, ನಗಲಿ. ತಿರುವು ಯಾವಾಗಲೂ ಗುಡ್ಡಕ್ಕೆ ಬೆನ್ನು ಕೊಟ್ಟು, ಗಾಳಿಯ ಕಡೆಗೆ. ಇಡೀ ದಿನ ನಾನು ಕಲಿಸುವುದು ಇದೊಂದನ್ನೇ. ಗುಡ್ಡದ ಕಡೆ ತಿರುಗಿದ ಗ್ಲೈಡರಿಗೆ ಗಾಳಿ ಬೆನ್ನಿಂದ ನೂಕುತ್ತದೆ, ಎದುರಿಗೆ ಬಂಡೆ ಇರುತ್ತದೆ, ನಿಮಗೆ ಯೋಚಿಸಲು ಒಂದೇ ಸೆಕೆಂಡ್ ಇರುತ್ತದೆ.

ಆಮೇಲಷ್ಟೇ ಹಾರಾಟ. ನಾನು ಎಸೆದು, ಮೇಲೇರಿಸಿ, ಸ್ಟಿಕ್ ಮುಟ್ಟದಿದ್ದರೂ ನೇರ ಹಾರುವಂತೆ ಟ್ರಿಮ್ ಮಾಡಿ, ಎರಡು ತೆಂಗಿನ ಮರದೆತ್ತರ ಸಿಕ್ಕ ಮೇಲೆ ರಿಮೋಟ್ ಕೈಗಿಡುತ್ತೇನೆ.

ಎಸೆಯುವುದು ಹೆಂಗ? ಮೇಲಕ್ಕ?

ಮೇಲಕ್ಕೆ ಅಲ್ಲವೇ ಅಲ್ಲ. ರೆಕ್ಕೆ ಸಮವಾಗಿಟ್ಟು, ಮೂಗು ದಿಗಂತಕ್ಕಿಂತ ಎಳ್ಳಷ್ಟು ಕೆಳಗೆ, ನೇರ ಗಾಳಿಗೆ, ಭಲ್ಲೆ ಎಸೆದಂತೆ ನೂಕಿ. ಮೇಲಕ್ಕೆ ಎಸೆದರೆ ವೇಗ ಸತ್ತು ತಲೆಯ ಮೇಲೆಯೇ ಬೀಳುತ್ತದೆ.

ಎಸೆಯುವ ಮುಂಚೆ ಮೊದಲು ರಿಮೋಟ್ ಆನ್, ಆಮೇಲೆ ಗ್ಲೈಡರ್ ಆನ್. ಮುಗಿಸುವಾಗ ಉಲ್ಟಾ. ಗ್ಲೈಡರಿನ ಹಿಂದೆ ನಿಂತು ಸ್ಟಿಕ್ ಬಲಕ್ಕೆ ಒತ್ತಿ: ಬಲ ರೆಕ್ಕೆಯ ಪಟ್ಟಿ ಮೇಲೇಳಬೇಕು, ಎಡದ್ದು ಇಳಿಯಬೇಕು. ಸ್ಟಿಕ್ ನಿಮ್ಮ ಕಡೆ ಎಳೆದರೆ ಎರಡೂ ಮೇಲೇಳಬೇಕು. ಪ್ರತಿ ಸಲ, ಪ್ರತಿ ಎಸೆತಕ್ಕೂ ನೋಡಿ. ಒಮ್ಮೆ ನಾನು ಹೊಸ ಸರ್ವೋ ಅಂಟಿಸಿದ ಖುಷಿಯಲ್ಲಿ ಇದನ್ನು ನೋಡದೆ ಎಸೆದೆ. ಎಡ ಬಲ ಅದಲುಬದಲಾಗಿತ್ತು. ನಾಲ್ಕು ಜನ ಶಿಷ್ಯರು ಸಾಲಾಗಿ ನಿಂತು ನೋಡುತ್ತಿರುವಾಗ, ಈ ಜಗತ್ತಿನಲ್ಲಿ ಬೇರೆ ಜಾಗವೇ ಇಲ್ಲವೆಂಬಂತೆ ಗ್ಲೈಡರ್ ಇದ್ದೊಂದು ಬಂಡೆಯನ್ನೇ ಹುಡುಕಿಕೊಂಡು ಹೋಯಿತು.

ನನ್ನ ಕಡೆ ಬರುವಾಗ ಎಡ ಬಲ ಉಲ್ಟಾ ಆಗ್ತದ. ತಲಿ ಕೆಡ್ತದ.

ಎಲ್ಲರಿಗೂ ಕೆಡುತ್ತದೆ. ಆಗ ಎಡ ಬಲದ ಲೆಕ್ಕ ಬಿಟ್ಟುಬಿಡಿ. ಹಂದರದ ಒಂದು ಮಗ್ಗುಲು ಕುಸಿದರೆ ಏನು ಮಾಡುತ್ತೀರಿ? ಕುಸಿದ ಕಡೆಗೆ ಒಂದು ಗೂಟ ಕೊಡುತ್ತೀರಿ. ಇಲ್ಲೂ ಅಷ್ಟೇ: ನಿಮ್ಮ ಎದುರು ಬರುತ್ತಿರುವ ಗ್ಲೈಡರಿನ ಯಾವ ರೆಕ್ಕೆ ತಗ್ಗಿ ಕಾಣುತ್ತದೋ ಆ ಕಡೆಗೆ ಸ್ಟಿಕ್ ಒತ್ತಿ. ರೆಕ್ಕೆ ಎದ್ದು ಸಮವಾಗುತ್ತದೆ. ಅಲ್ಲದೆ ತಿರುವನ್ನೆಲ್ಲ ಗಾಳಿಯ ಕಡೆಗೇ ಹಾಕಿದರೆ ಗ್ಲೈಡರ್ ಎದುರಿಗೆ ಬರುವುದೇ ಕಡಿಮೆ, ಹೆಚ್ಚು ಹೊತ್ತು ಪಕ್ಕದಿಂದಲೇ ಕಾಣುತ್ತದೆ. ಬಯಲಲ್ಲಿ ಮೋಟಾರ್ ವಿಮಾನ ಕಲಿಯುವುದಕ್ಕಿಂತ ಗುಡ್ಡದಲ್ಲಿ ಕಲಿಯುವುದು ಸುಲಭ ಎಂದು ನಾನು ಹೇಳುವುದು ಇದಕ್ಕೇ.

ಒಂದು ಕಡೆ ಹೋಗುವಾಗ ನಿಧಾನ, ಇನ್ನೊಂದು ಕಡೆ ಬಾಣದಂಗ ಹೋಗ್ತದ. ಹೆದರಿ ಸ್ಟಿಕ್ ಎಳೀತೀನಿ, ಬಿದ್ದುಬಿಡ್ತದ. ಯಾಕ?

ಅತಿ ಹೆಚ್ಚು ಗ್ಲೈಡರ್ ಮುರಿಯುವುದು ಈ ಒಂದು ಕಾರಣಕ್ಕೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ಗ್ಲೈಡರ್ ಗಾಳಿಯಲ್ಲಿ ಗಂಟೆಗೆ 30 ಕಿ.ಮೀ. ಹೋಗುತ್ತಿದೆ, ಗಾಳಿಯ ವೇಗ 20 ಎನ್ನೋಣ. ಗಾಳಿಗೆ ಎದುರಾಗಿ ಹೋಗುವಾಗ ನೆಲದ ಮೇಲಿಂದ ನೋಡುವ ನಿಮಗೆ ಅದು 10ರಲ್ಲಿ ತೆವಳುತ್ತಿದೆ. ಗಾಳಿಯ ಜೊತೆ ಹೋಗುವಾಗ 50ರಲ್ಲಿ ಓಡುತ್ತಿದೆ. ರೆಕ್ಕೆಗೆ ಮಾತ್ರ ಎರಡೂ ಸಲ ಸಿಗುತ್ತಿರುವುದು ಅದೇ 30. ಹೊಳೆಯಲ್ಲಿ ತೆಪ್ಪ ಸೆಳವಿನ ಜೊತೆ ಹೋದರೆ ದಡದಲ್ಲಿ ನಿಂತವನಿಗೆ ಜೋರು, ಎದುರು ಹೋದರೆ ನಿಧಾನ, ಹುಟ್ಟು ಹಾಕುವವನ ಕೈಗೆ ಎರಡೂ ಒಂದೇ. ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಇದು ಗೊತ್ತಿರುತ್ತದೆ.

ಈಗ ನೀವು 50 ನೋಡಿ ಹೆದರುತ್ತೀರಿ, ವೇಗ ತಗ್ಗಿಸಲು ಸ್ಟಿಕ್ ಎಳೆಯುತ್ತೀರಿ. ರೆಕ್ಕೆಯ 30 ಇಳಿದು 20 ಆಗುತ್ತದೆ. ಅಷ್ಟಕ್ಕೆ ಅದು ತೂಕ ಹೊರಲಾರದು, ಮೂಗು ಕುಸಿಯುತ್ತದೆ. ಇದೇ ಸ್ಟಾಲ್. ಬೀಳುತ್ತಿದೆ ಎಂದು ನೀವು ಇನ್ನೂ ಎಳೆಯುತ್ತೀರಿ, ಅದು ಇನ್ನೂ ಬೀಳುತ್ತದೆ. ಮನಸ್ಸು ಎಳೆ ಎನ್ನುವಾಗ ಕೈ ಸಡಿಲ ಬಿಡಬೇಕು, ಬೇಕಾದರೆ ತುಸು ಮುಂದಕ್ಕೇ ಒತ್ತಬೇಕು. ವೇಗ ಬಂದರೆ ಹಿಡಿತವೂ ಬರುತ್ತದೆ. ಸೈಕಲ್ ಕಲಿಯುವಾಗ ಹೆದರಿ ನಿಧಾನ ಮಾಡಿದವರೇ ಅಲ್ಲವೇ ಮೊದಲು ಬಿದ್ದದ್ದು.

ಗುಡ್ಡದ ಅಂಚಿಗಿಂತ ಕೆಳಗ ಇಳೀತು. ಈಗ?

ಗಾಬರಿ ಬೇಡ. ಗುಡ್ಡದ ಮೈಗೆ ಹತ್ತಿರವಾಗಿ, ಸಮಾನಾಂತರವಾಗಿ, ಎಂಟು ಹಾಕುತ್ತಿರಿ. ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಮುಂದಿನ ಗಾಳಿ ಬಂದು ಎತ್ತುತ್ತದೆ. ಎತ್ತಲಿಲ್ಲವೇ, ಗುಡ್ಡದಿಂದ ದೂರ ಬಯಲಿಗೆ ಒಯ್ದು ನೇರ ಇಳಿಸಿ, ಆಮೇಲೆ ನಡೆದು ಹೋಗಿ ತನ್ನಿ. ಮರ್ಯಾದೆ ಹೋಗುತ್ತದೆಂದು ಅಂಚಿನ ಮೇಲೆ ಹತ್ತಿಸಲು ಸ್ಟಿಕ್ ಎಳೆದವರ ಗ್ಲೈಡರ್ ಅಂಚಿಗೆ ಒಂದು ಮೊಳ ಕೆಳಗಿನ ಕಲ್ಲಿಗೇ ಬಡಿಯುತ್ತದೆ.

ಇಳಿಸುವುದು ಹೆಂಗ? ಹಿಂದಿನ ಸಪಾಟು ಜಾಗದಾಗ ಇಳಿಸಬಹುದಲ್ಲ?

ಅದೇ ಮೋಸ. ಗುಡ್ಡ ದಾಟಿದ ಗಾಳಿ ಹಿಂಬದಿಯಲ್ಲಿ ಸುರುಳಿ ಸುತ್ತಿ ಕೆಳಗೆ ಒತ್ತುತ್ತದೆ. ಅದಕ್ಕೆ ರೋಟರ್ ಎನ್ನುತ್ತಾರೆ. ತಡಸಲಿನಲ್ಲಿ ಬಂಡೆಯ ಹಿಂದೆ ನೀರು ಸುಳಿ ತಿರುಗುತ್ತದಲ್ಲ, ಹಾಗೆ. ಅಂಚು ಚೂಪಾಗಿದ್ದಷ್ಟೂ ಸುಳಿ ಜೋರು. ಸಪಾಟು ಕಂಡು ಆಸೆಪಟ್ಟು ಹೋದ ಗ್ಲೈಡರ್ ತಲೆ ಮಟ್ಟದಿಂದ ಕಲ್ಲು ಬಿದ್ದಂತೆ ಬೀಳುತ್ತದೆ.

ಹೊಸಬರು ಮುಂಬದಿಯ ಹುಲ್ಲಿಗೇ ಇಳಿಸಬೇಕು. ಮೊದಲು ಎತ್ತರ ಕಡಿಮೆ ಮಾಡಿಕೊಳ್ಳಿ: ಮುಂದೆ, ಬಯಲ ಕಡೆ ದೂರ ಹೋದರೆ ಏರುಗಾಳಿ ತೆಳುವಾಗಿ ತಾನೇ ಇಳಿಯುತ್ತದೆ. ನಿಮಗಿಂತ ತುಸು ಕೆಳಗೆ ಬಂದಾಗ ಗುಡ್ಡದ ಮೈಗೆ ಅಡ್ಡಲಾಗಿ ತನ್ನಿ. ಕೊನೆಯಲ್ಲಿ ಇಳಿಜಾರಿನ ಕಡೆ ಸ್ವಲ್ಪವೇ ಓರೆ ಮಾಡಿ, ಹುಲ್ಲು ಒಂದು ಮೊಳ ಇದ್ದಾಗ ರೆಕ್ಕೆ ಸಮ ಮಾಡಿ, ಮೆಲ್ಲಗೆ ಎಳೆದು ಹೊಟ್ಟೆಯ ಮೇಲೆ ಕೂರಿಸಿ. ಇಡೀ ಪಾಠದಲ್ಲಿ ಗುಡ್ಡದ ಕಡೆ ತಿರುಗಲು ಅನುಮತಿ ಇರುವುದು ಈ ಒಂದೇ ಗಳಿಗೆಯಲ್ಲಿ, ಅದೂ ಕಾಲು ತಿರುವು. ಮೊದಲ ಹತ್ತು ಸಲ ಇದು ಇಳಿಯುವುದಲ್ಲ, ಮುಗ್ಗರಿಸುವುದು. ಅದಕ್ಕೇ ಇಪಿಪಿ ಎಂದದ್ದು.

ಮೊಬೈಲ್‌ದಾಗ ಕಲಿತು ಬರಬಹುದೇನು?

ಖಂಡಿತ. ಪಿಕಾಸಿಮ್ ಎಂಬ ಸಿಮ್ಯುಲೇಟರ್ ಪುಕ್ಕಟೆ ಸಿಗುತ್ತದೆ, ಮಾಡಿರುವುದೇ ಗುಡ್ಡದ ಗ್ಲೈಡರಿಗಾಗಿ. ಐದು ಗಂಟೆ ಆಡಿ ಬಂದವರ ಬೆರಳು ಬೇರೆಯೇ ಇರುತ್ತದೆ. ಅದರಲ್ಲಿ ಮುಖಕ್ಕೆ ಗಾಳಿ ಬಡಿಯುವುದಿಲ್ಲ, ಕಣ್ಣಿಗೆ ಧೂಳು ಬೀಳುವುದಿಲ್ಲ ಅಷ್ಟೇ.

ನಾನೂ ಬೇರೆಯವರಿಗೆ ಕಲಿಸಬೇಕಂತೀನಿ. ರಿಮೋಟ್ ಯಾವಾಗ ಕಸಿದುಕೊಳ್ಳಬೇಕು?

ನಾನು ಮೊದಮೊದಲು ಬಹಳ ಬೇಗ ಕಸಿಯುತ್ತಿದ್ದೆ. ಗ್ಲೈಡರ್ ನನ್ನದು, ಮುರಿದರೆ ರಿಪೇರಿಯೂ ನನ್ನದೇ. ಟೇಲರಿಂಗ್ ಕೆಲಸದ ಒಬ್ಬ ಹುಡುಗ ಮೂರು ವಾರ ಬಂದ ಮೇಲೆ ಮೆಲ್ಲಗೆ ಹೇಳಿದ: ‘ಸರ್, ನಾನು ಹಾರಿಸಿದ್ದಕ್ಕಿಂತ ನಿಮಗ ವಾಪಸ್ ಕೊಟ್ಟದ್ದೇ ಜಾಸ್ತಿ ಆತು.’ ಮನೆಗೆ ಹೋಗುವ ದಾರಿಯುದ್ದಕ್ಕೂ ಆ ಮಾತು ಕಿವಿಯಲ್ಲೇ ಇತ್ತು. ಅಂದಿನಿಂದ ಒಂದು ಗೆರೆ ಹಾಕಿಕೊಂಡೆ. ಎರಡು ತೆಂಗಿನ ಮರದೆತ್ತರಕ್ಕಿಂತ ಮೇಲಿದ್ದರೆ ಏನೇ ಆಗಲಿ ನನ್ನ ಕೈ ಬೆನ್ನ ಹಿಂದೆ. ಅದಕ್ಕಿಂತ ಕೆಳಗೆ ಬಂದರೆ ಒಂದು ಮಾತಿಲ್ಲದೆ ನಾನು ಇಸಿದುಕೊಳ್ಳುತ್ತೇನೆ. ಟ್ರೇನರ್ ಕೇಬಲ್ ಇದ್ದರೆ ಸ್ವಿಚ್ ಒತ್ತಿದರಾಯಿತು, ಇದೇ ಗೆರೆ ಅದಕ್ಕೂ. ಎತ್ತರ ಇದ್ದಾಗ ತಪ್ಪು ಮಾಡಲು ಬಿಡಬೇಕು. ತಾನೇ ಕೆಡಿಸಿ ತಾನೇ ಸರಿಮಾಡಿದ ಒಂದು ಸಲ, ನಾನು ಸರಿಮಾಡಿಕೊಟ್ಟ ಇಪ್ಪತ್ತು ಸಲಕ್ಕೆ ಸಮ. ಆ ಹುಡುಗ ಮುಂದಿನ ವಾರ ಏಳು ನಿಮಿಷ ಹಾರಿಸಿದ. ಅವನ ಹಿಂದೆ ನನ್ನ ಕೈಬೆರಳು ಮಾತ್ರ ಗಾಳಿಯಲ್ಲಿ ಸ್ಟಿಕ್ ಆಡಿಸುತ್ತಿದ್ದವು.

ಇನ್ನು ಮಾತು. ‘ಎಡಕ್ಕೆ’, ‘ಬಲಕ್ಕೆ’ ಎಂದು ಕೂಗಬೇಡಿ. ಯಾರ ಎಡ, ಗ್ಲೈಡರಿನದೋ ಅವನದೋ ಎಂದು ಯೋಚಿಸುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ನನ್ನ ಬಳಿ ಮೂರೇ ಪದ: ‘ಹೊರಗೆ’ ಅಂದರೆ ಬಯಲ ಕಡೆ ತಿರುಗು, ‘ಬಿಡು’ ಅಂದರೆ ಸ್ಟಿಕ್ ಮಧ್ಯಕ್ಕೆ ಬಿಡು, ‘ಒತ್ತು’ ಅಂದರೆ ಮೂಗು ಇಳಿಸು. ನಿಲ್ಲುವುದು ಶಿಷ್ಯನ ಪಕ್ಕದಲ್ಲಿ, ಅರ್ಧ ಹೆಜ್ಜೆ ಮುಂದೆ. ಗಾಳಿ ಮಾತನ್ನು ಅವನ ಕಿವಿಗೆ ಒಯ್ಯುತ್ತದೆ. ಹಿಂದೆ ನಿಂತು ಕೂಗಿದರೆ ಹಿಂದಿನ ಊರಿನವರಿಗೆ ಪಾಠ ಆಗುತ್ತದೆ.

ಒಮ್ಮೆಗೆ ಐದು ನಿಮಿಷ ಸಾಕು, ಆಮೇಲೆ ಬೆರಳು ಬಿಗಿಯುತ್ತದೆ. ಸ್ಟಿಕ್ ಹಿಡಿದ ಹೆಬ್ಬೆರಳ ಉಗುರು ಬೆಳ್ಳಗಾಗಿದ್ದರೆ ಕೂರಿಸಿ ನೀರು ಕೊಡಿ.

ಲೈಸೆನ್ಸ್ ಬೇಕೇನು? ಪೊಲೀಸ್ರು ಕೇಳಿದ್ರ?

ಡ್ರೋನ್ ನಿಯಮಗಳು, 2021 ನಮಗೂ ಅನ್ವಯಿಸುತ್ತವೆ. 2 ಕಿಲೋವರೆಗಿನದನ್ನು ವ್ಯಾಪಾರಕ್ಕಲ್ಲದೆ ಹಾರಿಸುವವರಿಗೆ ಪೈಲಟ್ ಲೈಸೆನ್ಸ್ ಬೇಕಿಲ್ಲ. ಆದರೆ ಜಾಗ ನೋಡಲೇಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ಹಸಿರು, ಹಳದಿ, ಕೆಂಪು ವಲಯಗಳಿವೆ. ಹಸಿರಿನಲ್ಲಿ ನೆಲದಿಂದ 400 ಅಡಿವರೆಗೆ, ವಿಮಾನ ನಿಲ್ದಾಣದ ಗಡಿಯಿಂದ 8ರಿಂದ 12 ಕಿ.ಮೀ. ನಡುವೆ ಇದ್ದರೆ 200 ಅಡಿವರೆಗೆ ಮಾತ್ರ. ತೋರಣಗಲ್ಲಿನ ವಿಮಾನ ನಿಲ್ದಾಣ, ಗಿಣಿಗೇರಿ ಬಳಿಯ ಏರ್‌ಸ್ಟ್ರಿಪ್ ಸುತ್ತಮುತ್ತಲಿನವರು ಹೊರಡುವ ಮುಂಚೆ ನಕ್ಷೆ ನೋಡಿ. ಕುಡತಿನಿ, ಶಕ್ತಿನಗರದ ವಿದ್ಯುತ್ ಸ್ಥಾವರ, ತುಂಗಭದ್ರಾ ಅಣೆಕಟ್ಟೆ, ಹಟ್ಟಿ ಗಣಿ, ಇವುಗಳ ಹತ್ತಿರ ನಾವು ಚೀಲವನ್ನೇ ಬಿಚ್ಚುವುದಿಲ್ಲ. ಕಣ್ಣಿಗೆ ಕಾಣುವಷ್ಟು ದೂರ ಮಾತ್ರ ಹಾರಿಸುವುದು, ಜನರ ಮೇಲೆ, ದನಕುರಿಗಳ ಮೇಲೆ, ಕರೆಂಟ್ ತಂತಿಯ ಮೇಲೆ ಹಾರಿಸದಿರುವುದು. ಅರ್ಧ ಕಿಲೋ ವಸ್ತು 60 ಕಿ.ಮೀ. ವೇಗದಲ್ಲಿ ಬಂದರೆ ಫೋಮ್ ಅಂತ ಮೆತ್ತಗೆ ಬಡಿಯುವುದಿಲ್ಲ.

ಹದ್ದು ಬಂದ್ರ?

ಬರುತ್ತದೆ, ಜೊತೆಗೆ ಎರಡು ಸುತ್ತು ಹಾಕಿ ಹೋಗುತ್ತದೆ. ಹದ್ದು ಮೇಲೇರುತ್ತಿದ್ದರೆ ಅಲ್ಲಿ ಗಾಳಿ ಇದೆ ಎಂದು ತಿಳಿದು ನೀವೂ ಹೋಗಿ, ಆದರೆ ಅಟ್ಟಿಸಿಕೊಂಡು ಹೋಗಬೇಡಿ. ಮರಿ ಮಾಡುವ ಕಾಲದಲ್ಲಿ ಗೂಡಿನ ಬಂಡೆಯ ಹತ್ತಿರ ಹೋದರೆ ಅದು ಉಗುರು ತೋರಿಸುತ್ತದೆ. ತಪ್ಪು ನಮ್ಮದು, ಬೇರೆ ದಿಬ್ಬಕ್ಕೆ ನಡೆಯಿರಿ.

ಕರಡಿ, ಚಿರತೆ ಅದಾವಂತಲ್ಲ ಈ ಗುಡ್ಡದಾಗ?

ಇವೆ. ಗಂಗಾವತಿ, ಕನಕಗಿರಿ ಭಾಗದ ಕಲ್ಲುಗುಡ್ಡಗಳ ಗವಿಗಳಲ್ಲಿ ಎರಡೂ ಇವೆ. ಸೂರ್ಯ ಮುಳುಗುವ ಅರ್ಧ ಗಂಟೆ ಮುಂಚೆ ಇಳಿದುಬಿಡಬೇಕು. ಗ್ಲೈಡರ್ ಬಂಡೆ ಸಂದಿಗೆ ಬಿದ್ದು ಕತ್ತಲಾಯಿತೆಂದರೆ ಬೆಳಿಗ್ಗೆ ಬಂದು ಹುಡುಕಿ, ಅದೂ ಒಬ್ಬರೇ ಅಲ್ಲ.

ಮಕ್ಕಳನ್ನ ಕರ್ಕೊಂಡ್ ಬರಬಹುದಾ?

ಹತ್ತು ವರ್ಷದ ಮೇಲಿನವರನ್ನು ಕರೆತನ್ನಿ. ಅಪ್ಪಂದಿರಿಗಿಂತ ಬೇಗ ಕಲಿಯುತ್ತಾರೆ, ಅದಕ್ಕೆ ಅಪ್ಪಂದಿರು ತಯಾರಿರಲಿ.

ಬಳ್ಳಾರಿ ಜಾಲಿಗೆ ಸಿಕ್ಕೊಂಡ್ರ ಹೆಂಗ ತೆಗೀಬೇಕು?

ಮೊದಲು ಅದು ಬಿದ್ದ ಜಾಗವನ್ನು ನಿಂತಲ್ಲಿಂದಲೇ ಗುರುತು ಮಾಡಿಕೊಳ್ಳಿ. ಅದರ ಹಿಂದೆ ದೂರದಲ್ಲಿ ಕಾಣುವ ಮರವೋ ಕಂಬವೋ ನೋಡಿ, ಒಬ್ಬರು ಅಲ್ಲಿಯೇ ನಿಂತು ಕೈ ತೋರಿಸಲಿ, ಇನ್ನೊಬ್ಬರು ಇಳಿಯಲಿ. ಕೆಳಗೆ ಹೋದ ಮೇಲೆ ಎಲ್ಲ ಜಾಲಿಯೂ ಒಂದೇ ತರಹ ಕಾಣುತ್ತದೆ. ರಿಮೋಟ್ ಆನ್ ಇರಲಿ, ಸ್ಟಿಕ್ ಆಡಿಸಿದರೆ ಸರ್ವೋ ಕಿರ್ ಕಿರ್ ಎನ್ನುವುದು ಕೇಳುತ್ತದೆ. ಚಪ್ಪಲಿಯಲ್ಲಿ ಹೋಗಬೇಡಿ, ಆ ಮುಳ್ಳು ಅಟ್ಟೆ ದಾಟಿ ಬರುತ್ತದೆ. ಬೂಟು, ದಪ್ಪ ಪ್ಯಾಂಟು, ಒಂದು ದೋಟಿ. ಟೊಂಗೆ ಎಳೆದು ಬಿಟ್ಟಾಗ ಅದು ಚಾಟಿಯಂತೆ ವಾಪಸ್ ಬರುತ್ತದೆ, ಹಿಂದಿರುವವರಿಗೆ ಮೊದಲೇ ಹೇಳಿ. ರೆಕ್ಕೆಗೆ ಚುಚ್ಚಿದ ಮುಳ್ಳನ್ನು ಅಲ್ಲೇ ಕೀಳಬೇಡಿ, ಮನೆಗೆ ತಂದು ಬೆಳಕಿನಲ್ಲಿ ಒಂದೊಂದೇ ಕಿತ್ತು ತೂತಿಗೆ ಹಾಟ್ ಗ್ಲೂ ತುಂಬಿ. ಎಲ್ಲ ಕಿತ್ತಾಯಿತು ಎಂದುಕೊಂಡ ಮೇಲೂ ಒಂದು ಮುಳ್ಳು ಉಳಿದಿರುತ್ತದೆ. ಮುಂದಿನ ವಾರ ಎಸೆಯಲು ರೆಕ್ಕೆ ಹಿಡಿದಾಗ ಅದು ಸಿಗುತ್ತದೆ.